ಓಣಿ ಬಾಯಲ್ಲಿ ಒತ್ತದ ಹಾರ್ನ್

ಹೊಸದಾಗಿ ಬಸ್ಸಿನ ಸ್ಟೇರಿಂಗ್ ಹಿಡಿದ ಹುಡುಗರು ಆಗಾಗ ನನ್ನ ಜಗಲಿಗೆ ಬಂದು ಕೂರುತ್ತಾರೆ. ಬ್ರಿಟಿಷರ ಕಾಲದಲ್ಲಿ ಡ್ರೈವರ್ ಕೆಲಸ ಹೇಗಿತ್ತು ಹೇಳಿ ಎನ್ನುತ್ತಾರೆ. ಹೇಳಿದರೆ ನಂಬುವುದಿಲ್ಲ. ನಂಬದಿದ್ದರೆ ಹೋಗಲಿ, ಅರ್ಧದಲ್ಲಿ ಬಾಯಿ ಹಾಕಿ ತಮ್ಮ ಬಸ್ಸಿನ ಬ್ರೇಕಿನ ಪುರಾಣ ಶುರು ಮಾಡುತ್ತಾರೆ. ಅದಕ್ಕೇ ಈ ಸಲ ಬರೆದೇ ಬಿಡೋಣ ಎಂದು ಕೂತಿದ್ದೇನೆ. ಓದುವಾಗಲಾದರೂ ಬಾಯಿ ಮುಚ್ಚಿಕೊಂಡಿರಬೇಕಾಗುತ್ತದೆ.

ನನ್ನ ಬಸ್ಸು ಬೆಳಿಗ್ಗೆ ವಿರಾಜಪೇಟೆ ಬಿಟ್ಟು ಅಮ್ಮತ್ತಿ, ಸಿದ್ದಾಪುರ, ಮರಗೋಡು ಹಾದು ಮಡಿಕೇರಿ ಮುಟ್ಟುತ್ತಿತ್ತು. ಸಂಜೆ ಅದೇ ದಾರಿಯಲ್ಲಿ ವಾಪಸು. ಇದು ಬಸ್ಸಿನ ಧಣಿ ಬರೆಸಿ ಅಂಟಿಸಿದ್ದ ಬೋರ್ಡಿನ ಮಾತು. ಮಳೆಗಾಲದಲ್ಲಿ ಎಷ್ಟೋ ದಿನ ಸಿದ್ದಾಪುರವನ್ನೇ ಮಡಿಕೇರಿ ಎಂದುಕೊಂಡು ತಿರುಗಿಸಿದ್ದುಂಟು. ಬಸ್ಸಿಗೆ ಸೆಲ್ಫ್ ಗಿಲ್ಫ್ ಇರಲಿಲ್ಲ. ಇಂಜಿನ್ ಶುರುವಾಗಲು ಮುಂದೆ ಹ್ಯಾಂಡಲ್ ಹಾಕಿ ತಿರುವಬೇಕು. ಅದು ಹಿಂದಕ್ಕೆ ಒದ್ದರೆ ಕೈ ಮುರಿಯುತ್ತದೆ. ನನ್ನ ಬಲಗೈ ಮಣಿಕಟ್ಟು ಇವತ್ತಿಗೂ ಸ್ವಲ್ಪ ಸೊಟ್ಟ, ಹುಡುಗರು ಅದನ್ನು ವಾತ ಎಂದುಕೊಂಡಿದ್ದಾರೆ.

ಲೈಸೆನ್ಸ್ ಕೊಟ್ಟದ್ದು ಒಬ್ಬ ಪೊಲೀಸ್ ದೊರೆ. ತೊಡೆಯ ಮೇಲೆ ನಾಯಿ ಮಲಗಿಸಿಕೊಂಡು ನನ್ನ ಪಕ್ಕ ಕೂತ. ಮಡಿಕೇರಿ ಕೋಟೆಯ ಏರು ಹತ್ತು ಅಂದ, ಹತ್ತಿದೆ. ಅರ್ಧದಲ್ಲಿ ನಿಲ್ಲಿಸು ಅಂದ, ನಿಲ್ಲಿಸಿದೆ. ಹಿಂದಕ್ಕೆ ಬಿಡು ಅಂದ, ದೇವರ ಹೆಸರು ಹೇಳಿ ಬಿಟ್ಟೆ. ಅಷ್ಟೂ ಹೊತ್ತು ದೊರೆ ರಸ್ತೆ ನೋಡಲೇ ಇಲ್ಲ, ನಾಯಿಯನ್ನೇ ನೋಡುತ್ತಿದ್ದ. ಕೊನೆಗೆ, ನಾಯಿಗೆ ಎಚ್ಚರ ಆಗಲಿಲ್ಲ, ನೀನು ಪಾಸು ಅಂದ. ಎಂಥ ಪರೀಕ್ಷೆ ಎಂದು ಈಗಿನವರು ನಗುತ್ತಾರೆ. ನೀವು ಒಮ್ಮೆ ತೊಡೆ ಮೇಲೆ ನಾಯಿ ಮಲಗಿಸಿಕೊಂಡವರನ್ನು ಪಕ್ಕ ಕೂರಿಸಿಕೊಂಡು ಓಡಿಸಿ ನೋಡಿ.

ಇನ್ನು ಹಾರ್ನಿನ ವಿಷಯ. ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ನಮ್ಮ ಕಡೆ ಮನೆಗಳು ರಸ್ತೆ ಬದಿಗೆ ಇರುವುದಿಲ್ಲ. ಗದ್ದೆ ಒಂದು ಕಡೆ, ತೋಟ ಒಂದು ಕಡೆ, ಮನೆ ಗುಡ್ಡದ ಮೇಲೆ. ಮನೆಯಿಂದ ರಸ್ತೆಗೆ ಒಂದು ಓಣಿ ಇಳಿದು ಬರುತ್ತದೆ. ಬಸ್ಸು ಆ ಓಣಿ ಬಾಯಲ್ಲಿ ನಿಧಾನ ಮಾಡಿ ಹಾರ್ನ್ ಒತ್ತಬೇಕು. ಆಗಿನ ಹಾರ್ನ್ ಅಂದರೆ ಬಾಗಿಲಿಗೆ ಕಟ್ಟಿದ ಹಿತ್ತಾಳೆ ಕಹಳೆ, ಅದರ ಬುಡದಲ್ಲಿ ತೆಂಗಿನಕಾಯಿ ಗಾತ್ರದ ರಬ್ಬರ್ ಗುಂಡು. ಹಿಂಡಿದರೆ ಪೋಂ ಅನ್ನುತ್ತದೆ. ಒಂದು ಪೋಂ ಅಂದರೆ ಬಸ್ಸು ಬಂತು. ಎರಡನೆಯದು ಅಂದರೆ ಕಾಫಿ ಲೋಟ ಕೆಳಗಿಡಿ. ಮೂರನೆಯದಕ್ಕೂ ಬರದಿದ್ದರೆ ನಾವು ಹೊರಟೆವು. ಹೋಗುವವರಿರಲಿ ಇಲ್ಲದಿರಲಿ, ಪ್ರತಿ ಓಣಿಗೂ ಒಂದು ಪೋಂ ಸಲ್ಲಲೇಬೇಕು. ಅದು ಕರೆ. ಕರೆಯದೆ ರಸ್ತೆಗೆ ಇಳಿದು ಬಸ್ಸಿಗೆ ಕೈ ತೋರಿಸುವುದು ಮರ್ಯಾದಸ್ಥರಿಗೆ ಅವಮಾನ.

ಅಮ್ಮತ್ತಿ ಹತ್ತಿರ ಒಬ್ಬ ಮುದುಕಿ ಇದ್ದಳು. ಪಕ್ಕದ ಓಣಿಗೆ ಎರಡು ಸಲ ಒತ್ತಿದ್ದೀಯ, ನಮ್ಮ ಓಣಿಗೆ ಒಂದೇ ಸಲ, ನಮ್ಮ ಮನೆತನ ಅಷ್ಟು ಸಣ್ಣದಾ ಎಂದು ಧಣಿಯ ಮನೆಗೇ ಹೋಗಿ ಜಗಳ ತೆಗೆದಳು. ಅವಳು ಜನ್ಮದಲ್ಲಿ ನನ್ನ ಬಸ್ಸು ಹತ್ತಿದವಳಲ್ಲ. ಧಣಿ ನನಗೆ ಬೈದ. ಮಾರನೆಯ ದಿನದಿಂದ ಅವಳಿಗೆ ಮೂರು ಸಲ ಒತ್ತಿದೆ. ಆಮೇಲೆ ಪಕ್ಕದ ಓಣಿಯವರು ಧಣಿಯ ಮನೆಗೆ ಹೋದರು.

ಈಗ ನನ್ನ ಅಜ್ಜನಿಗೆ ಬರುತ್ತೇನೆ.

ನನ್ನ ಅಪ್ಪ ಅಮ್ಮ ನಾನು ತೊಟ್ಟಿಲಲ್ಲಿದ್ದಾಗಲೇ ಹೋದರು. ಸಾಕಿದ್ದು ಅಮ್ಮನ ಅಪ್ಪ ಮತ್ತು ಅಜ್ಜಿ. ನಾವು ಅರೆಭಾಷೆ ಗೌಡರು, ಮನೆ ಮರಗೋಡು ದಾಟಿ ಒಂದು ತಿರುವಿನ ಮೇಲೆ. ಅಜ್ಜನಿಗೆ ಸ್ವಲ್ಪ ಗದ್ದೆ, ಒಂದು ಎತ್ತಿನ ಗಾಡಿ. ಎಸ್ಟೇಟುಗಳಿಂದ ಕಾಫಿ ಮೂಟೆ ಹೇರಿಕೊಂಡು ಮಡಿಕೇರಿಗೆ ಹಾಕುತ್ತಿದ್ದ. ಅವನ ತೊಡೆ ಮೇಲೆ ಕೂತು ಹಗ್ಗ ಹಿಡಿದೇ ನಾನು ಓಡಿಸುವುದನ್ನು ಕಲಿತದ್ದು. ಮೋಟಾರು ಬಂದು ಗಾಡಿಯ ಬಾಡಿಗೆ ಒಂದೊಂದೇ ಕಿತ್ತುಕೊಂಡಿತು. ಆದರೂ ನಾನು ಡ್ರೈವರ್ ಆಗುತ್ತೇನೆ ಎಂದಾಗ ಬೇಡ ಅನ್ನಲಿಲ್ಲ. ಎತ್ತಿಗೆ ಕಣ್ಣು ಉಟ್ಟು, ನಿನ್ನ ಗಾಡಿಗೆ ಇಲ್ಲೆ, ನೀನೇ ನೋಡಿಕಂಡು ಹೋಗು ಅಂದ, ಅಷ್ಟೇ. ನಮ್ಮ ಭಾಷೆಯಲ್ಲಿ ಉಟ್ಟು ಅಂದರೆ ಉಂಟು, ಇಲ್ಲೆ ಅಂದರೆ ಇಲ್ಲ.

ಸ್ಟೇರಿಂಗ್ ಹಿಡಿದ ಮೊದಲ ತಿಂಗಳು. ಹೊಸ ಖಾಕಿ ಕೋಟು, ಬಸ್ಸು ತುಂಬ ಜನ. ಮರಗೋಡಿನ ಗದ್ದೆ ಬಯಲಲ್ಲಿ ಮುಂದೆ ಅಜ್ಜನ ಗಾಡಿ ಹೋಗುತ್ತಿತ್ತು. ರಸ್ತೆಯ ನಟ್ಟ ನಡುವೆ, ರಾಜನ ಮೆರವಣಿಗೆ ಥರ. ಅಜ್ಜ ಮೇಲೆ ಕೂತು ತೂಕಡಿಸುತ್ತಿದ್ದ. ನನ್ನ ತಲೆಗೆ ಕೋತಿ ಹೊಕ್ಕಿತು. ಇಂಜಿನ್ ಸದ್ದು ಕಡಿಮೆ ಮಾಡಿ, ಬಸ್ಸಿನ ಮೂತಿಯನ್ನು ಗಾಡಿಯ ಬಾಲಕ್ಕೆ ತಾಗುವಷ್ಟು ಹತ್ತಿರ ತಂದು, ಎರಡೂ ಕೈಯಲ್ಲಿ ರಬ್ಬರ್ ಗುಂಡು ಹಿಂಡಿದೆ.

ಎತ್ತುಗಳು ರಸ್ತೆ ಬಿಟ್ಟು ಗದ್ದೆಗೆ ಹಾರಿದವು. ನಾಟಿಗೆಂದು ಹದ ಮಾಡಿದ ಗದ್ದೆ. ಗಾಡಿ ಒಂದು ಕಡೆ ಮಗುಚಿತು, ಅಜ್ಜ ಸೊಂಟದವರೆಗೆ ಕೆಸರಲ್ಲಿ ಕೂತಿದ್ದ. ತಲೆಯ ಮೇಲಿನ ರುಮಾಲು ಮಾತ್ರ ಒಂದಿಷ್ಟೂ ಅಲುಗಿರಲಿಲ್ಲ. ಬಸ್ಸಿಡೀ ನಕ್ಕಿತು. ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಜ್ಜ ನನ್ನ ಮುಖ ನೋಡಿದ. ಹಾರ್ನನ್ನು ಅವನು ಕ್ಷಮಿಸುತ್ತಿದ್ದನೇನೋ. ನಗುವನ್ನು ಕ್ಷಮಿಸಲಿಲ್ಲ.

ಮಾರನೆಯ ದಿನ ನನ್ನ ಟ್ರಂಕು ಮರಗೋಡಿನ ಅಂಗಡಿಗೆ ಬಂದು ಕೂತಿತ್ತು. ಇನ್ನು ಇತ್ತ ಬರುವುದು ಬೇಡ ಎಂದು ಅಂಗಡಿಯವನ ಬಾಯಲ್ಲಿ ಹೇಳಿ ಕಳಿಸಿದ್ದ. ಆದರೂ ಒಮ್ಮೆ ಹೋದೆ. ಅಜ್ಜಿ ಕಾಫಿ ಕೊಟ್ಟಳು. ಅಜ್ಜ ಗೋಡೆ ಕಡೆ ತಿರುಗಿ ಕೂತ, ನಾನು ಲೋಟ ತೊಳೆದಿಟ್ಟು ಹೊರಡುವವರೆಗೂ ಗೋಡೆಯನ್ನೇ ನೋಡಿದ. ನನಗೂ ರೋಷ ಬಂತು. ಎರಡು ಸಲ ಬೆನ್ನು ನೋಡಲು ನಾನೇಕೆ ಹೋಗಲಿ ಎಂದು ಬಿಟ್ಟುಬಿಟ್ಟೆ. ವಿರಾಜಪೇಟೆಯಲ್ಲಿ ಬಾಡಿಗೆ ಕೋಣೆ ಹಿಡಿದೆ.

ಆದರೆ ಒಂದು ಕೆಲಸ ಮಾಡಿದೆ. ಆ ದಿನದಿಂದ ಅಜ್ಜನ ಓಣಿ ಹತ್ತಿರ ಹಾರ್ನ್ ಮುಟ್ಟಲಿಲ್ಲ. ಬೆಳಿಗ್ಗೆ ಮಡಿಕೇರಿ ಕಡೆ ಹೋಗುವಾಗ ಅಲ್ಲಿ ಸಣ್ಣ ಇಳಿಜಾರು. ಮೇಲಿನಿಂದಲೇ ಇಂಜಿನ್ ಬಂದ್ ಮಾಡಿ ಬಸ್ಸನ್ನು ಸದ್ದಿಲ್ಲದೆ ಜಾರಲು ಬಿಡುತ್ತಿದ್ದೆ. ಅಜ್ಜನ ಎತ್ತು ಬೆದರಬಾರದು, ಅಜ್ಜನಿಗೂ ಹಳೆಯದು ನೆನಪಾಗಬಾರದು. ಅದು ನನ್ನ ಕಡೆಯಿಂದ ತಪ್ಪು ಕಾಣಿಕೆ ಎಂದೇ ಇಟ್ಟುಕೊಳ್ಳಿ. ಪೆಟ್ರೋಲ್ ಉಳಿಯುತ್ತದೆ ಎಂದು ಧಣಿಗೆ ಖುಷಿ. ಕಂಡಕ್ಟರ್ ಕುಂಞಿರಾಮನಿಗೆ ಮಾತ್ರ ತಮಾಷೆ. ಇಳಿಜಾರು ಬಂದ ಕೂಡಲೇ ಬಾಯಿಗೆ ಬೆರಳಿಟ್ಟು, ಇವನ ಅಜ್ಜನ ದೇವಸ್ಥಾನ ಬಂತು, ಯಾರೂ ಮಾತಾಡಬೇಡಿ ಎಂದು ಜನರಿಗೆ ಹೇಳುತ್ತಿದ್ದ. ಜನರೂ ಅದನ್ನು ರೂಢಿ ಮಾಡಿಕೊಂಡು ಆ ತಿರುವು ದಾಟುವವರೆಗೆ ಪಿಟ್ಟೆನ್ನುತ್ತಿರಲಿಲ್ಲ. ಎಲೆಯಡಿಕೆ ಅಗಿಯುವುದನ್ನು ಕೂಡ ನಿಲ್ಲಿಸುವವರಿದ್ದರು.

ಹೀಗೆ ಕೆಲವು ವರ್ಷ ಕಳೆದ ಮೇಲೆ ಆ ಕೇಸು ಬಂತು.

ಅವತ್ತು ನಾವು ಇಳಿಜಾರಿನ ನೆತ್ತಿಯಲ್ಲಿದ್ದೆವು. ಒಬ್ಬ ಎಸ್ಟೇಟ್ ದೊರೆಯ ಕಾರು ನಮ್ಮನ್ನು ದಾಟಿಕೊಂಡು ರೊಂಯ್ಯನೆ ಹೋಯಿತು. ತಿರುವಿನಲ್ಲಿ ಅದರ ಕರೆಂಟು ಹಾರ್ನ್ ಕಿರುಚಿದ್ದು ಕೇಳಿತು. ನಾವು ಜಾರಿಕೊಂಡು ಅಲ್ಲಿಗೆ ಮುಟ್ಟುವಾಗ ಕಾರಿನ ಧೂಳು ಮಾತ್ರ ಇತ್ತು. ಅಜ್ಜನ ಗಾಡಿ ಚರಂಡಿಯಲ್ಲಿ ಒರಗಿತ್ತು, ಅಜ್ಜ ನಮಗೆ ಬೆನ್ನು ಹಾಕಿ ಎತ್ತಿನ ಹಗ್ಗ ಬಿಡಿಸುತ್ತಿದ್ದ. ನಾನು ಬ್ರೇಕ್ ಹಾಕಿ ಇಳಿದೆ. ಅಷ್ಟರಲ್ಲಿ ತಿರುವಿನ ಚಹಾ ಅಂಗಡಿಯಿಂದ ಕಾನ್‌ಸ್ಟೇಬಲ್ ಉತ್ತಯ್ಯ ಮೀಸೆಯಿಂದ ಚಹಾ ಒರೆಸಿಕೊಳ್ಳುತ್ತ ಬಂದ. ಚರಂಡಿಯಲ್ಲಿ ಗಾಡಿ, ಅದರ ಹಿಂದೆ ನನ್ನ ಬಸ್ಸು. ಹಳೆಯ ಕತೆ ಊರಿಗೇ ಗೊತ್ತಿತ್ತು. ಉತ್ತಯ್ಯ ಹೆಚ್ಚು ಯೋಚಿಸುವ ಪೈಕಿ ಅಲ್ಲ.

ಹಾರ್ನ್ ಹೊಡೆದು ಎತ್ತು ಬೆದರಿಸಿದ್ದೀಯ ಎಂದು ಅಲ್ಲೇ ಬಸ್ಸಿನ ಬಾನೆಟ್ಟಿನ ಮೇಲೆ ಚೀಟಿ ಇಟ್ಟು ಕೇಸು ಬರೆದ. ಕಾರು ಹೋಯಿತಲ್ಲ ಸ್ವಾಮಿ, ಅದನ್ನು ಹಿಡಿಯಿರಿ ಅಂದೆ. ಯಾವ ಕಾರು ಅಂದ. ಬಸ್ಸಿನಲ್ಲಿದ್ದವರಿಗೂ ಆ ಕ್ಷಣಕ್ಕೆ ಕಾರು ಮರೆತುಹೋಗಿತ್ತು, ಏಕೆಂದರೆ ಅರ್ಧ ಜನ ಆ ದೊರೆಯ ಎಸ್ಟೇಟಿನಲ್ಲೇ ಕೆಲಸಕ್ಕಿದ್ದರು.

ಕುಂಞಿರಾಮ ದಾರಿಯುದ್ದಕ್ಕೂ ಬುದ್ಧಿ ಹೇಳಿದ. "ಎಂತಕ್ಕೆ ಮಾರಾಯ ಪೊಲೀಸಿನ ಹತ್ರ ತರ್ಕ? ತಪ್ಪಾಯ್ತು ಹೇಳಿ ದಂಡ ಕಟ್ಟು, ಕೇಸು ಕಳೀತು."

ಎಲ್ಲರೂ ಹಾಗೇ ಮಾಡುತ್ತಿದ್ದರು. ಆದರೆ ನನ್ನ ಲೈಸೆನ್ಸಿನ ಬೆನ್ನಿಗೆ ಒಂದು ತಪ್ಪು ಆಗಲೇ ಬಿದ್ದಿತ್ತು, ದೀಪ ಇಲ್ಲದೆ ಓಡಿಸಿದ್ದು. ಇನ್ನೊಂದು ಬಿದ್ದರೆ ಲೈಸೆನ್ಸು ಹೋಗುತ್ತದೆ ಎಂದು ಧಣಿ ಹೆದರಿಸಿದ. ನಿಜ ಹೇಳುತ್ತೇನೆ, ಲೈಸೆನ್ಸಿಗಿಂತ ಹೆಚ್ಚು ಚುಚ್ಚಿದ್ದು ಬೇರೆ. ಅಜ್ಜ ಬೆನ್ನು ಹಾಕಿ ನಿಂತಿದ್ದ. ಯಾರ ಹಾರ್ನ್ ಎಂದು ಅವನು ನೋಡಿದ್ದಾನೋ ಇಲ್ಲವೋ. ನಾನು ದಂಡ ಕಟ್ಟಿದರೆ ಎರಡನೆಯ ಸಲವೂ ಮೊಮ್ಮಗನೇ ತನ್ನನ್ನು ಚರಂಡಿಗೆ ಹಾಕಿದ ಎಂದು ಸಾಯುವವರೆಗೆ ನಂಬುತ್ತಾನೆ. ಅದು ನನಗೆ ತಡೆಯಲಾಗಲಿಲ್ಲ. ತಪ್ಪಿಲ್ಲ ಎಂದು ವಾದಿಸುತ್ತೇನೆ ಅಂದೆ.

ಆಗ ಮಡಿಕೇರಿಯಲ್ಲಿ ಸುಬೇದಾರರೇ, ಅಂದರೆ ಈಗಿನ ತಹಶೀಲ್ದಾರರು, ಇಂಥ ಸಣ್ಣ ಕೇಸು ನೋಡುತ್ತಿದ್ದರು. ಕನ್ನಡಕ ಮೂಗಿನ ತುದಿಗಿಟ್ಟುಕೊಂಡ, ನಿದ್ದೆಗಣ್ಣಿನ ಮನುಷ್ಯ. ವಕೀಲರನ್ನು ಹಿಡಿಯುವ ಶಕ್ತಿ ನನಗಿಲ್ಲ, ಹಾಗಾಗಿ ಬಸ್ಸಿನಿಂದ ಹಾರ್ನ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ನಾನೇ ಹೋದೆ. ಕಚೇರಿ ಅಂಗಳದಲ್ಲಿ ಅಜ್ಜನ ಗಾಡಿ ನಿಂತಿತ್ತು. ಉತ್ತಯ್ಯ ಅವನನ್ನೇ ಸಾಕ್ಷಿಗೆ ಕರೆಸಿದ್ದ.

ಮೊದಲು ಉತ್ತಯ್ಯ ಪ್ರಮಾಣ ಮಾಡಿ ಹೇಳಿದ. ನೀವು ಕೇಳಿದ ಹಾರ್ನ್ ಹೇಗೆ ಕೂಗಿತು ಎಂದು ಕೇಳಿದೆ. ಅವನು ಗಂಟಲು ಸರಿ ಮಾಡಿಕೊಂಡು ಕ್ರ್ಯಾಂ ಎಂದು ಕೂಗಿ ತೋರಿಸಿದ. ನಾನು ಚೀಲದಿಂದ ನನ್ನದನ್ನು ತೆಗೆದು ಮೇಜಿನ ಮೇಲಿಟ್ಟೆ. ಸುಬೇದಾರರ ನಿದ್ದೆ ಹಾರಿತು. ಕೊಡು ಇಲ್ಲಿ ಎಂದು ತಾವೇ ಹಿಂಡಿದರು. ಪೋಂ ಅಂದಿತು. ಮತ್ತೊಮ್ಮೆ ಹಿಂಡಿದರು. ಹೊರಗಿದ್ದ ಜವಾನ ಕರೆಯುತ್ತಿದ್ದಾರೆ ಎಂದುಕೊಂಡು ಓಡಿ ಬಂದ. ಹಾರ್ನನ್ನು ವಾಪಸು ಕೊಡಲು ಅವರಿಗೆ ಮನಸ್ಸಿರಲಿಲ್ಲ, ಕೇಸು ಮುಗಿಯುವವರೆಗೂ ಮಡಿಲಲ್ಲೇ ಇಟ್ಟುಕೊಂಡಿದ್ದರು. ಅಂಗಡಿಯೊಳಗಿಂದ ಸದ್ದು ಬೇರೆ ಥರ ಕೇಳುತ್ತದೆ ಎಂದು ಉತ್ತಯ್ಯ ಹಟ ಹಿಡಿದ.

ಆಮೇಲೆ ಅಜ್ಜ. ಕರಿ ಕೋಟು, ಬಿಳಿ ರುಮಾಲು. ನಾನಿದ್ದ ದಿಕ್ಕಿಗೆ ನೋಡಲೇ ಇಲ್ಲ. ಸಾಕ್ಷಿಯನ್ನು ಏನಾದರೂ ಕೇಳುವುದಿದ್ದರೆ ಕೇಳು ಎಂದು ಸುಬೇದಾರರು ನನಗೆ ಹೇಳಿದರು.

"ನಾನು ಕೇಳಿದರೆ ಅವರು ಉತ್ತರ ಕೊಡುವುದಿಲ್ಲ ಸ್ವಾಮಿ," ಅಂದೆ. "ನನ್ನ ಅಜ್ಜ. ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ."

ಸುಬೇದಾರರು ಕನ್ನಡಕದ ಮೇಲಿನಿಂದ ನಮ್ಮಿಬ್ಬರನ್ನೂ ನೋಡಿದರು. ಕೊನೆಗೆ ನಾನು ಅವರಿಗೆ ಹೇಳುವುದು, ಅವರು ಅಜ್ಜನಿಗೆ ಕೇಳುವುದು, ಅಜ್ಜ ಅವರಿಗೆ ಹೇಳುವುದು ಎಂದಾಯಿತು. ಮೂರು ಮಾರು ದೂರದಲ್ಲಿದ್ದ ಅಜ್ಜನ ಮಾತು ನನಗೆ ಮಡಿಕೇರಿ ಸುಬೇದಾರರನ್ನು ಸುತ್ತಿಕೊಂಡು ಬರುತ್ತಿತ್ತು. ಗುಮಾಸ್ತರೆಲ್ಲ ಬರೆಯುವುದು ಬಿಟ್ಟು ಬಾಗಿಲಲ್ಲಿ ನಿಂತರು.

ಆ ದಿನ ಹಾರ್ನ್ ಹೊಡೆದದ್ದು ಇವನ ಬಸ್ಸೇನಾ ಎಂದು ಸುಬೇದಾರರು ಕೇಳಿದರು.

"ದೊರೆ ಕಾರು, ಸೋಮಿ," ಎಂದ ಅಜ್ಜ. "ಇಂವ ನನ್ನ ಓಣಿಲಿ ಹಾರ್ನ್ ಹೊಡೆಯುವವನೇ ಅಲ್ಲ."

ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀ ಎಂದು ಮತ್ತೆ ಕೇಳಿದರು. ಅಜ್ಜ ರುಮಾಲು ಸರಿ ಮಾಡಿಕೊಂಡು ಹೇಳಿದ.

"ಅಮ್ಮತ್ತಿಂದ ಇಲ್ಲಿವರೆಗೆ ಎಲ್ಲರ ಓಣಿಗೂ ಹೊಡಿತಾನೆ ಸೋಮಿ. ಕಳ್ಳರ ಓಣಿಗೂ ಹೊಡಿತಾನೆ. ನನ್ನ ಓಣಿಗೆ ಒಂದಕ್ಕೇ ಇಲ್ಲೆ. ಇಷ್ಟು ವರ್ಷದಲ್ಲಿ ಒಂದು ದಿನ ಇಲ್ಲೆ. ನಾನು ದಿನಾ ಕಿವಿ ಕೊಟ್ಟು ಕೇಳ್ತಿದ್ದೆ."

ಕೇಸು ವಜಾ ಆಯಿತು. ಕುಂಞಿರಾಮ ನನ್ನ ಬೆನ್ನಿಗೆ ಗುದ್ದಿದ. ಅಜ್ಜ ನನ್ನ ಮೌನವನ್ನು ಗಮನಿಸಿದ್ದಾನೆ, ದಿನವೂ ಲೆಕ್ಕಕ್ಕೆ ಹಿಡಿದಿದ್ದಾನೆ, ನನ್ನ ತಪ್ಪು ಕಾಣಿಕೆ ಅವನಿಗೆ ಸಂದಿದೆ ಎಂದು ನಾನು ತಿಳಿದುಕೊಂಡೆ. ಸುಬೇದಾರರ ಮಡಿಲಿನಿಂದ ಹಾರ್ನ್ ಬಿಡಿಸಿಕೊಂಡು ಅಂಗಳಕ್ಕೆ ಓಡಿದೆ. ಅಜ್ಜ ಎತ್ತು ಕಟ್ಟುತ್ತಿದ್ದ. ಕಾಲು ಹಿಡಿಯೋಣ ಎಂದು ಬಗ್ಗುವಷ್ಟರಲ್ಲಿ ಅವನು ಎತ್ತಿನ ಕುತ್ತಿಗೆ ತಟ್ಟಿ, ನನಗಲ್ಲ, ಎತ್ತಿಗೆ ಹೇಳಿದ. "ನಡಿ ಕೆಂಚ, ನಮ್ಮನ್ನ ಕರೆಯುವವರು ಯಾರೂ ಇಲ್ಲೆ." ಗಾಡಿ ಹೊರಟಿತು. ಇನ್ನೂ ಸಿಟ್ಟು ಇಳಿದಿಲ್ಲ, ಇನ್ನೊಂದು ದಿನ ನೋಡೋಣ ಎಂದುಕೊಂಡೆ. ಬಸ್ಸಿಗೂ ಹೊತ್ತಾಗಿತ್ತು.

ಅಂದಿನಿಂದ ಆ ತಿರುವಿನಲ್ಲಿ ನಾನು ಇನ್ನೂ ಹುಷಾರಾದೆ. ಮೊದಲು ಹಾರ್ನ್, ಇಂಜಿನ್ ಎರಡೇ ಬಂದ್ ಇರುತ್ತಿದ್ದವು. ಈಗ ಬಾಗಿಲಿನ ಸದ್ದು ಬಾರದಂತೆ ಅದಕ್ಕೆ ಬಟ್ಟೆ ಕಟ್ಟಿಸಿದೆ. ಅಷ್ಟು ಹೆಮ್ಮೆ ನನಗೆ.

ಆಮೇಲೆ ಯುದ್ಧ ಬಂತು. ಪೆಟ್ರೋಲ್ ಸಿಗದೆ ಬಸ್ಸಿನ ಬೆನ್ನಿಗೆ ಇದ್ದಿಲು ಒಲೆ ಕಟ್ಟಿದರು, ಅದರ ಹೊಗೆಯಲ್ಲೇ ಇಂಜಿನ್ ಓಡಬೇಕು. ಬೆಳಿಗ್ಗೆ ಬೇಗ ಎದ್ದು ಇದ್ದಿಲಿಗೆ ಬೆಂಕಿ ಹಾಕಿ, ಬೀಸಣಿಗೆ ತಿರುಗಿಸಿ, ಹೊಗೆ ಹದಕ್ಕೆ ಬಂದ ಮೇಲೆ ಹೊರಡಬೇಕು. ಏರಿನಲ್ಲಿ ಜನ ಇಳಿದು ನಡೆಯುವುದು, ನಡೆದವರು ಬಸ್ಸಿಗಿಂತ ಮೊದಲು ಮೇಲೆ ಮುಟ್ಟಿ ಅಲ್ಲಿ ಕೂತು ನಮಗೆ ಕಾಯುವುದು. ನಾನು ಮಡಿಕೇರಿಯಲ್ಲಿ ಇಳಿದಾಗ ಹಲ್ಲು ಮಾತ್ರ ಬೆಳ್ಳಗಿರುತ್ತಿತ್ತು. ಆ ಒಲೆಯ ಬಸ್ಸನ್ನು ಇಳಿಜಾರಿನಲ್ಲಿ ಬಂದ್ ಮಾಡುವಂತಿಲ್ಲ, ಮಾಡಿದರೆ ಮತ್ತೆ ಹೊತ್ತಿಸುವಷ್ಟರಲ್ಲಿ ಸಂಜೆ. ಹಾಗಾಗಿ ಅಜ್ಜನ ತಿರುವಿನಲ್ಲಿ ಗೊರಗೊರ ಸದ್ದು ಮಾಡಿಕೊಂಡೇ ಹೋಗಬೇಕಾಯಿತು. ಹಾರ್ನ್ ಮಾತ್ರ ಒತ್ತಲಿಲ್ಲ.

ಒಂದು ಸಂಜೆ ಮಡಿಕೇರಿಯಿಂದ ವಾಪಸು ಬರುತ್ತಿದ್ದೆ. ತಿರುವಿಗೆ ಇನ್ನೂ ಸ್ವಲ್ಪ ದೂರ ಇರುವಾಗ ಗುಡ್ಡದ ಮೇಲಿನಿಂದ ಜೋಡಿ ಗುಂಡಿನ ಸದ್ದು ಕೇಳಿತು. ಒಂದರ ಹಿಂದೆ ಒಂದು, ಎರಡೇ. ನಮ್ಮ ಕಡೆ ಮನೆಯಲ್ಲಿ ಸಾವಾದರೆ ಹಾಗೆ ಹೊಡೆದು ಊರಿಗೆ ತಿಳಿಸುತ್ತಾರೆ. ಬಸ್ಸಿನಲ್ಲಿ ಒಬ್ಬರೂ ಯಾರ ಮನೆ ಎಂದು ಕೇಳಲಿಲ್ಲ. ನಾನು ಬಸ್ಸನ್ನು ರಸ್ತೆ ನಡುವೆಯೇ ಬಿಟ್ಟು ಓಣಿ ಹತ್ತಿ ಓಡಿದೆ.

ಅಜ್ಜನನ್ನು ಕೋಟು ಹಾಕಿ ಮಲಗಿಸಿದ್ದರು. ಈ ಸಲ ಗೋಡೆ ಕಡೆ ತಿರುಗಲಿಲ್ಲ. ನಾನು ಅತ್ತೆ, ಬಿಕ್ಕಿ ಬಿಕ್ಕಿ ಅತ್ತೆ, ಅದರಲ್ಲಿ ಮುಚ್ಚುಮರೆ ಏನು. ಕೋರ್ಟಿನಲ್ಲಿ ಅಷ್ಟು ಒಳ್ಳೆಯ ಮಾತು ಹೇಳಿ ನನ್ನನ್ನು ಉಳಿಸಿದರು, ನಾನು ಒಮ್ಮೆ ಬಂದು ಮುಖ ತೋರಿಸಲಿಲ್ಲ ಎಂದು ಅಜ್ಜಿಗೆ ಹೇಳಿದೆ.

ಅಜ್ಜಿ ನನ್ನನ್ನು ವಿಚಿತ್ರವಾಗಿ ನೋಡಿದಳು. "ಒಳ್ಳೆ ಮಾತಾ? ನಿನ್ನ ಮೇಲೆ ದೂರು ಹೇಳಿ ಬಂದೆ ಹೇಳಿದ್ರಲ್ಲ ಅವರು. ಎಲ್ಲರ ಓಣಿಗೂ ಕರೆ ಉಟ್ಟು, ನನ್ನ ಓಣಿಗಿಲ್ಲೆ, ಸುಬೇದಾರರ ಎದುರೇ ಹೇಳಿದೆ, ಇನ್ನಾದರೂ ಅಂವಂಗೆ ಬುದ್ಧಿ ಬಂದದೆ ಹೇಳಿ."

ಕೋರ್ಟಿನಿಂದ ಬಂದ ಮೇಲೆ ಪ್ರತಿ ಶುಕ್ರವಾರ, ಮಡಿಕೇರಿ ಸಂತೆಯ ದಿನ, ಅಜ್ಜ ಬೆಳಿಗ್ಗೆಯೇ ಆ ಕೋಟು ಹಾಕಿ, ರುಮಾಲು ಸುತ್ತಿ ಜಗಲಿಯಲ್ಲಿ ಕೂರುತ್ತಿದ್ದನಂತೆ. ಮೊದಲು ಸಿಗುವ ಮನೆಯ ಓಣಿಗೆ ಒತ್ತಿದ ನನ್ನ ಹಾರ್ನ್ ಕೇಳುತ್ತಿತ್ತು. ಆಮೇಲೆ ಏನೂ ಇಲ್ಲ. ಬಸ್ಸು ದಾಟಿತು ಎಂದು ಗೊತ್ತಾದ ಮೇಲೆ ಕೋಟು ಬಿಚ್ಚಿ ಎತ್ತು ಕಟ್ಟುತ್ತಿದ್ದ. ಓಣಿ ಬಾಯಿಗೆ ಹೋಗಿ ನಿಲ್ಲಿ, ನಿಮ್ಮ ಮೊಮ್ಮಗನೇ ಅಲ್ಲವಾ ಎಂದು ಅಜ್ಜಿ ಒಮ್ಮೆ ಹೇಳಿದ್ದಳು.

"ಕರೆಯದೆ ಹತ್ತಿಕೆ ನಾನೆಂತ ಕಾಫಿ ಮೂಟೆಯಾ ಕೇಳಿದ್ರು," ಎಂದಳು ಅಜ್ಜಿ.

ಇಷ್ಟು ವರ್ಷ ಆ ಮುದುಕನ ಕಿವಿಯ ಪಕ್ಕದಲ್ಲೇ ದಿನಕ್ಕೆರಡು ಸಲ ಹೋಗಿದ್ದೇನೆ. ಕೈಯಳತೆಯಲ್ಲಿ ಹಾರ್ನ್ ಇತ್ತು. ಹುಡುಗರೇ, ಗೇರು ತಪ್ಪಿದ್ದು, ಚಕ್ರ ಕಳಚಿದ್ದು, ಇದ್ದಿಲು ಒಲೆಯಿಂದ ಹುಬ್ಬು ಸುಟ್ಟುಕೊಂಡದ್ದು ಯಾವುದನ್ನು ಬೇಕಾದರೂ ನಗುತ್ತ ಹೇಳುತ್ತೇನೆ. ಇದನ್ನು ಹಾಗೆ ಹೇಳಲು ಬರುವುದಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲಿನ ಶುಕ್ರವಾರ. ಬಸ್ಸು ತಿರುವಿಗೆ ಬಂತು. ರೂಢಿಯಂತೆ ಜನ ಮಾತು ನಿಲ್ಲಿಸಿದರು. ಓಣಿ ಬಾಯಲ್ಲಿ ನಿಲ್ಲಿಸಿ ರಬ್ಬರ್ ಗುಂಡು ಹಿಂಡಿದೆ. ಕುಂಞಿರಾಮ ಬೆಚ್ಚಿ ನನ್ನ ಮುಖ ನೋಡಿದ. ಸ್ವಲ್ಪ ಬಿಟ್ಟು ಎರಡನೆಯದು ಒತ್ತಿದೆ. ಮೂರನೆಯದನ್ನು ಒತ್ತಲು ಕೈ ಬರಲಿಲ್ಲ, ಒತ್ತಿದರೆ ಹೊರಡಬೇಕಾಗುತ್ತಿತ್ತು.

ಓಣಿಯಲ್ಲಿ ಅಜ್ಜಿ ಇಳಿದು ಬರುತ್ತಿದ್ದಳು. ತಲೆಗೆ ವಸ್ತ್ರ ಕಟ್ಟಿದ್ದಳು, ಕೈಯಲ್ಲಿ ಸಂತೆ ಚೀಲ. ಕುಂಞಿರಾಮ ಇಳಿದು ಕೈ ಹಿಡಿದು ಹತ್ತಿಸಿದ. ನನ್ನ ಹಿಂದಿನ ಸೀಟಿನಲ್ಲಿ ಕೂತು, ಚೀಲ ಮಡಿಲಲ್ಲಿಟ್ಟುಕೊಂಡು, ಹಾರ್ನಿನ ಕಡೆ ಒಮ್ಮೆ ನೋಡಿದಳು.

"ಇಷ್ಟೇ ಸಾಕಿತ್ತ್ ಮಗ ಅವರಿಗೆ," ಅಂದಳು.